ರೀಡಿಂಗ್ ತೆಗೆದವರು ಯಾರು

ಆ ಕೋಣೆಯೊಳಗೆ ನಾನು ಏನು ಹೇಳಿದೆ ಎಂಬುದು ನನಗೆ ಖಚಿತವಾಗಿ ಗೊತ್ತಿರಲಿಲ್ಲ. ಹತ್ತು ವರ್ಷಗಳಲ್ಲಿ ಅದನ್ನು ಎಷ್ಟು ಸಲ ನೆನಪಿಸಿಕೊಂಡಿದ್ದೇನೆಂದರೆ, ಈಗ ಕಣ್ಣಿಗೆ ಕಟ್ಟುವುದು ಅಂದು ನಡೆದದ್ದೋ ಅಥವಾ ನಾನು ಹೋದ ಸಲ ನೆನಪಿಸಿಕೊಂಡದ್ದೋ ಎಂದು ಬೇರ್ಪಡಿಸಲು ಆಗುವುದಿಲ್ಲ. ಪ್ರಶ್ನೆ ಮಾತ್ರ ಚೆನ್ನಾಗಿ ನೆನಪಿದೆ. ಬೆಂಗಳೂರಿನಲ್ಲಿ ಪಿಎಚ್‌ಡಿ ಸಂದರ್ಶನ. ಮೇಜಿನ ಆಚೆ ನಾಲ್ಕು ಜನ. ಅವರಲ್ಲಿ ಹಿರಿಯರಾದ ಪ್ರಾಧ್ಯಾಪಕಿಯೊಬ್ಬರು ನನ್ನ ಗ್ರಾಫಿನ ಮೇಲೆ ಪೆನ್ನಿನ ತುದಿ ಇಟ್ಟು, "ಈ ರೀಡಿಂಗ್ ತೆಗೆದವರು ಯಾರು?" ಎಂದು ಕೇಳಿದರು.

ಇದಕ್ಕೆ ನಾನು ಕೊಟ್ಟ ಉತ್ತರ ನನ್ನ ನೆನಪಿನಲ್ಲಿ ಮೂರು ಥರ ಇದೆ. ಒಂದರಲ್ಲಿ ನಾನು, "ನನ್ನ ಸಹೋದ್ಯೋಗಿಯೊಬ್ಬರು, ಅವರ ತಂದೆ, ಜೊತೆಗೆ ನಾನು" ಎನ್ನುತ್ತೇನೆ. ಇನ್ನೊಂದರಲ್ಲಿ "ನಾವು" ಎಂದಷ್ಟೇ ಹೇಳಿ ನೀರಿನ ಲೋಟಕ್ಕೆ ಕೈ ಹಾಕುತ್ತೇನೆ. ಮೂರನೆಯದರಲ್ಲಿ ಬಾಯಿ ಬಿಡುವುದಿಲ್ಲ, ತಲೆ ಆಡಿಸುತ್ತೇನೆ, ಅವರು ಬೇಕಾದ ಅರ್ಥ ಮಾಡಿಕೊಳ್ಳುತ್ತಾರೆ. ಮನಸ್ಸು ಹಗುರವಾಗಿದ್ದ ದಿನ ಮೊದಲನೆಯದು ನಿಜವೆನಿಸುತ್ತಿತ್ತು. ನನ್ನ ನೆನಪನ್ನು ಎಷ್ಟು ನಂಬಬಹುದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ: ಆ ದಿನ ನನ್ನ ಸಹೋದ್ಯೋಗಿ ಹಸಿರು ಸೀರೆ ಉಟ್ಟಿದ್ದರು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಆ ದಿನ ನಾನು ಅವರನ್ನು ನೋಡಿಯೇ ಇಲ್ಲ. ನನ್ನ ಸರದಿ ಬೆಳಿಗ್ಗೆ, ಅವರದು ಮಧ್ಯಾಹ್ನ.

ನಾನು ಬೆಳೆದದ್ದು ಕೆಜಿಎಫ್‌ನಲ್ಲಿ, ಆದರೆ ಗಣಿಯವನಲ್ಲ. ಅಪ್ಪ ಹಾವೇರಿ ಕಡೆಯಿಂದ ಬಂದು ಇಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾವು ಕ್ವಾರ್ಟರ್ಸಿನವರು. ಗಣಿ ಕೆಲಸಗಾರರ ಮನೆಗಳಿದ್ದ ಲೈನುಗಳ ಕಡೆ ನಾವು ಹುಡುಗರು ಹೋಗುತ್ತಿದ್ದದ್ದು ಕ್ರಿಕೆಟ್ ಚೆಂಡು ಹುಡುಕಲಿಕ್ಕೆ ಮಾತ್ರ. ಚಿನ್ನ ತೆಗೆದುಳಿದ ಮಣ್ಣನ್ನು ಸುರಿದಿದ್ದ ಸೈನೈಡ್ ಗುಡ್ಡದ ಧೂಳು ಗಾಳಿಗೆ ಎದ್ದರೆ ಎರಡೂ ಕಡೆಯ ಕಿಟಕಿಗಳು ಒಟ್ಟಿಗೇ ಮುಚ್ಚಿಕೊಳ್ಳುತ್ತಿದ್ದವು. ಎರಡೂ ಕಡೆಯವರಿಗೂ ಸಮಾನವಾಗಿದ್ದದ್ದು ಬಹುಶಃ ಅದೊಂದೇ.

ಎಂ.ಟೆಕ್ ಮುಗಿಸಿ ನಾನು ಬಂಗಾರಪೇಟೆಯ ಹತ್ತಿರದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗಕ್ಕೆ ಸೇರಿದೆ. ಆ ಸಹೋದ್ಯೋಗಿ ನನಗಿಂತ ಎರಡು ವರ್ಷ ಮೊದಲೇ ಅಲ್ಲಿದ್ದರು. ಹೀಟ್ ಟ್ರಾನ್ಸ್‌ಫರ್ ಲ್ಯಾಬು ಅವರದು. ನಾನು ಅವರನ್ನು ಮೇಡಂ ಎನ್ನುತ್ತಿದ್ದೆ, ಅವರು ನನ್ನನ್ನು ಸರ್ ಎನ್ನುತ್ತಿದ್ದರು. ಕಾಲೇಜುಗಳಲ್ಲಿ ಇಪ್ಪತ್ತು ವರ್ಷ ಜೊತೆಗಿದ್ದರೂ ಅದು ಬದಲಾಗುವುದಿಲ್ಲ. ಬೆಳಗಿನ ರೈಲಿಗೆ ಅವರು ಊರಿಗಾಂನಲ್ಲಿ ಹತ್ತುತ್ತಿದ್ದರು, ನಾನು ಎರಡು ಸ್ಟೇಷನ್ ಆದ ಮೇಲೆ. ಅಷ್ಟರಲ್ಲಿ ಜಾಗ ತುಂಬಿಹೋಗಿರುತ್ತಿತ್ತು. ಆದರೆ ಅವರು ಪಕ್ಕದ ಸೀಟಿನ ಮೇಲೆ ಸ್ಟೀಲಿನ ಟಿಫನ್ ಬಾಕ್ಸ್ ಇಟ್ಟು ನನಗೆ ಜಾಗ ಹಿಡಿದಿರುತ್ತಿದ್ದರು. ಪಾಸಿನವರ ಮಧ್ಯೆ ಅದೊಂದು ಕಾನೂನು. ಟಿಫನ್ ಬಾಕ್ಸ್ ಇದ್ದ ಸೀಟನ್ನು ಯಾರೂ ಕೇಳುವುದಿಲ್ಲ.

ಅವರ ತಂದೆ ಬಂಗಾರಪೇಟೆ ತಾಲ್ಲೂಕಿನ ಹಳ್ಳಿಯಿಂದ ಹುಡುಗರಾಗಿದ್ದಾಗಲೇ ಬಂದು ಗಣಿಗೆ ಸೇರಿದವರು. ಗಾಳಿ ವ್ಯವಸ್ಥೆ ನೋಡಿಕೊಳ್ಳುವ ವೆಂಟಿಲೇಷನ್ ವಿಭಾಗದಲ್ಲಿ ಕೆಲಸ. ಸುರಂಗಗಳ ಉಷ್ಣತೆ ಅಳೆಯುತ್ತಾ ತಿರುಗುವುದು, ಬರೆದುಕೊಂಡು ಮೇಲೆ ಬರುವುದು. ಎರಡು ಸಾವಿರದ ಒಂದರಲ್ಲಿ ಗಣಿ ಮುಚ್ಚಿತು. ನೀರೆತ್ತುವ ಪಂಪುಗಳು ನಿಂತವು, ಗಣಿಗೆ ಇಳಿಯುವ ಬಾವಿಗಳಾದ ಶಾಫ್ಟುಗಳಲ್ಲಿ ನೀರು ಏರತೊಡಗಿತು. ಜೊತೆಯವರು ಬೇರೆ ಬೇರೆ ಕೆಲಸ ಹುಡುಕಿಕೊಂಡು ಹೋದರು. ಇವರಿಗೆ ಅಳೆಯುವ ಚಟ ಬಿಡಲಿಲ್ಲ. ಲೈನಿನ ಹಿಂದೆ, ತಂತಿಬೇಲಿಯ ಒಳಗೆ, ಕಾಂಕ್ರೀಟಿನಿಂದ ಮುಚ್ಚಿದ ಹಳೆಯ ಶಾಫ್ಟೊಂದಿತ್ತು. ಮುಚ್ಚಳದ ಒಂದು ಮೂಲೆಯಲ್ಲಿ ಕೊಡದ ಬಾಯಷ್ಟು ಕಿಂಡಿ. ಗಾಜಿನ ಬಾಟಲಿಯೊಳಗೆ ಥರ್ಮಾಮೀಟರ್ ಇಟ್ಟು, ಬಾಟಲಿಗೆ ಗೋಣಿ ಸುತ್ತಿ, ಕಲ್ಲು ಕಟ್ಟಿ, ಗಂಟು ಹಾಕಿದ ಹಗ್ಗದಿಂದ ಅಲ್ಲಿ ಇಳಿಬಿಡುತ್ತಿದ್ದರು. ಕಾಲು ಗಂಟೆ ಬಿಟ್ಟು ಎಳೆದರೆ ಬಾಟಲಿಯೊಳಗಿನ ನೀರು ತಳದ ಬಿಸಿಯನ್ನು ಹಾಗೇ ಹಿಡಿದುಕೊಂಡು ಬರುತ್ತಿತ್ತು. ವಾರಕ್ಕೆರಡು ದಿನ, ಬುಧವಾರ ಮತ್ತು ಭಾನುವಾರ, ಹೊತ್ತು ಏರುವ ಮುಂಚೆ. ಮಗಳು ಪಕ್ಕದಲ್ಲಿ ರಿಜಿಸ್ಟರ್ ಹಿಡಿದು ಕೂತಿರುತ್ತಿದ್ದರು.

ಗಣಿಯೊಳಗೆ ಒಂದು ಪದ್ಧತಿ ಇತ್ತಂತೆ. ರೀಡಿಂಗನ್ನು ಒಬ್ಬರೇ ತೆಗೆಯುವಂತಿಲ್ಲ. ಒಬ್ಬ ನೋಡಿ ಕೂಗಬೇಕು, ಇನ್ನೊಬ್ಬ ಅದನ್ನೇ ತಿರುಗಿ ಹೇಳಿ ಆಮೇಲೆ ಬರೆಯಬೇಕು. ತಿರುಗಿ ಹೇಳದೆ ಬರೆದ ಅಂಕಿ ಲೆಕ್ಕಕ್ಕಿಲ್ಲ. ತಮಿಳರು, ತೆಲುಗರು, ಕನ್ನಡದವರು ಎಲ್ಲ ಸೇರಿದ ಜಾಗವಾದ್ದರಿಂದ ಅಂಕಿಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಕೂಗುತ್ತಿದ್ದರು. ಸಾಲಿನ ಕೊನೆಯಲ್ಲಿ ಇಬ್ಬರೂ ಇನಿಷಿಯಲ್ ಹಾಕುತ್ತಿದ್ದರು. ಗಣಿ ಮುಚ್ಚಿ ಅಷ್ಟು ವರ್ಷವಾದ ಮೇಲೂ, ಕೇಳುವವರು ಯಾರೂ ಇಲ್ಲದಿದ್ದರೂ, ಅಪ್ಪ ಮಗಳು ಹಾಗೆಯೇ ಮಾಡುತ್ತಿದ್ದರು. ಅಪ್ಪ ಕೂಗುವುದು, ಮಗಳು ತಿರುಗಿ ಹೇಳುವುದು, ಬರೆಯುವುದು, ಎರಡು ಇನಿಷಿಯಲ್.

ಇದನ್ನು ಅವರು ರೈಲಿನಲ್ಲಿ ಹೇಳಿದಾಗ ನನಗೆ ತಮಾಷೆ ಎನಿಸಿತ್ತು. ಆದರೆ ಬೇಸಿಗೆಯಲ್ಲೂ ಚಳಿಯಲ್ಲೂ ಆ ನೀರಿನ ಉಷ್ಣತೆ ಹೆಚ್ಚು ಕಡಿಮೆ ಅಲ್ಲಾಡುವುದೇ ಇಲ್ಲ ಎಂದಾಗ ಕಿವಿ ನೆಟ್ಟಗಾಯಿತು. ಮೇಲೆ ಏಪ್ರಿಲ್ ಉರಿಯುತ್ತಿರುವಾಗ ಕೆಳಗೆ ಒಂದೇ ಸಮನಾದ ನೀರು ಇದೆಯೆಂದರೆ ಅದರಿಂದ ಒಂದು ಆಸ್ಪತ್ರೆಯನ್ನೋ ಶಾಲೆಯನ್ನೋ ಅತಿ ಕಡಿಮೆ ವಿದ್ಯುತ್ತಿನಲ್ಲಿ ತಂಪಾಗಿಡಬಹುದು. ಮುಚ್ಚಿದ ಗಣಿಯನ್ನು ಹಾಗೆ ಬಳಸುವ ಯೋಚನೆ ಹೊಸದಲ್ಲ. ಆದರೆ ಈ ಜಾಗದ ಅಳತೆ ಯಾರ ಬಳಿಯೂ ಇರಲಿಲ್ಲ. ಇವರ ಮನೆಯ ರಟ್ಟಿನ ರಿಜಿಸ್ಟರಿನಲ್ಲಿ, ನೀರು ಹಗ್ಗಕ್ಕೆ ಎಟುಕುವಷ್ಟು ಮೇಲೆ ಬಂದಂದಿನಿಂದ, ಎರಡು ವರ್ಷದ್ದು ಇತ್ತು.

ನಾನೂ ಕೆಲವು ಸಲ ಹೋದೆ. ಎಷ್ಟು ಸಲ ಎಂದರೆ, ಹತ್ತೋ ಹದಿನೈದೋ ಇರಬೇಕು ಎಂದು ಹೇಳುತ್ತಾ ಬಂದಿದ್ದೇನೆ. ಒಂದು ಸಲ ಬಾಟಲಿ ಮೇಲೆ ಬಂದಾಗ ಅವರ ತಂದೆ ನನ್ನನ್ನೇ ಓದಲು ಹೇಳಿದರು. ನಾನು ನಿಂತುಕೊಂಡು, ಬಗ್ಗಿ ನೋಡಿ, ಕೂಗಿದೆ. ಮಗಳು ತಿರುಗಿ ಹೇಳಿ ಬರೆದರು. ಆಮೇಲೆ ಮುದುಕರು ತಾವು ನೆಲಕ್ಕೆ ಮಂಡಿ ಊರಿ ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದರು.

"ನಿಂತ್ಕಂಡು ನೋಡಿದ್ರೆ ಅದು ಸುಳ್ಳು ಏಳ್ತದೆ ಸಾರ್. ಎಂಟೆಕ್ಕಲ್ಲಿ ಮಂಡಿ ಊರೋದು ಏಳ್ಕೊಡಲ್ವಾ?"

ಮಗಳು ನಕ್ಕರು. ನಾನೂ ನಕ್ಕೆ. ಕಾಲೇಜಿನಲ್ಲಿ ಮೊದಲ ವರ್ಷದ ಹುಡುಗರಿಗೆ ನಾನೇ ಕಲಿಸುವ ಪಾಠ ಅದು, ಕಣ್ಣು ಪಾದರಸದ ನೇರಕ್ಕೆ ಇರಬೇಕು ಎಂದು.

ಆ ವರ್ಷ ಪ್ರಾಂಶುಪಾಲರು ಸಭೆ ಕರೆದು, ಪಿಎಚ್‌ಡಿ ಇಲ್ಲದವರಿಗೆ ಇನ್ನು ಮುಂದೆ ಮೇಲಿನ ಹುದ್ದೆಯ ಆಸೆ ಬೇಡ ಎಂದರು. ಅದಾದ ಕೆಲವು ವಾರಕ್ಕೆ ಸ್ಟಾಫ್ ರೂಮಿನ ಬೋರ್ಡಿನಲ್ಲಿ ಒಂದು ಪ್ರಕಟಣೆ ಬಂತು. ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮತ್ತು ಸುಸ್ಥಿರ ತಂತ್ರಜ್ಞಾನದಲ್ಲಿ ಪೂರ್ಣಾವಧಿ ಪಿಎಚ್‌ಡಿ; ಫೆಲೋಶಿಪ್ ಇರುವುದು ಒಂದೇ ಜಾಗಕ್ಕೆ. ವಯಸ್ಸಿನ ಮಿತಿ ಹಾಕಿದ್ದರು. ಮೇಡಂಗೆ ಅದೇ ಕೊನೆಯ ವರ್ಷ. ನನಗೆ ಇನ್ನೂ ಎರಡು ವರ್ಷ ಇತ್ತು. ಇದನ್ನು ಅವರು ರೈಲಿನಲ್ಲಿ ನಗುತ್ತಲೇ ಹೇಳಿದ್ದರು: ಈ ಸಲ ಆಗಲಿಲ್ಲ ಅಂದರೆ ನಾನು ಕೊನೆಯವರೆಗೂ ಲ್ಯಾಬಿನಲ್ಲಿ ಹುಡುಗರ ರೆಕಾರ್ಡ್ ತಿದ್ದುತ್ತಾ ಇರುವವಳೇ ಸರ್, ಎಂದು. ನೆನಪಿಲ್ಲ ಎಂದು ಹೇಳಿಕೊಳ್ಳಲು ನನಗೆ ಬಹಳ ಇಷ್ಟವಿದ್ದ ಮಾತು ಅದು. ಆದರೆ ಚೆನ್ನಾಗಿ ನೆನಪಿದೆ.

ಇಬ್ಬರೂ ಅರ್ಜಿ ಹಾಕಿದೆವು. ಅವರ ವಿಷಯ ಶಾಫ್ಟಿನ ನೀರು. ನನ್ನದು ಕಂಪ್ಯೂಟರಿನಲ್ಲಿ ಮಾಡುವ ಒಂದು ಸೌರ ಒಲೆಯ ಲೆಕ್ಕ. ನಾಲ್ಕು ಪ್ರಬಂಧಗಳಿಂದ ಕತ್ತರಿಸಿ ಜೋಡಿಸಿದ್ದು. ಅವರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ರಿಜಿಸ್ಟರಿನ ಅಂಕಿಗಳನ್ನು ಟೈಪ್ ಮಾಡಿ ಗ್ರಾಫ್ ಹಾಕಿಕೊಡುತ್ತೇನೆ ಎಂದು ನಾನೇ ಹೇಳಿದೆ. ಆಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದು ನಂಬಿದ್ದೇನೆ. ರಿಜಿಸ್ಟರನ್ನು ಮನೆಗೆ ತಂದು ಒಂದು ವಾರ ಕೂತು ಟೈಪ್ ಮಾಡಿದೆ. ತಾರೀಖು, ಎಷ್ಟನೆಯ ಗಂಟಿನ ಆಳ, ಉಷ್ಣತೆ. ಕೊನೆಯ ಕಾಲಂ, ಇನಿಷಿಯಲ್‌ಗಳದ್ದು, ಬಿಟ್ಟೆ. ಗ್ರಾಫಿಗೆ ಅದು ಬೇಕಿರಲಿಲ್ಲ. ಒಂದು ಪ್ರತಿ ಅವರಿಗೆ ಕೊಟ್ಟೆ. ಒಂದು ನನ್ನಲ್ಲಿ ಉಳಿಯಿತು.

ಸಂದರ್ಶನದ ಹಿಂದಿನ ಸಂಜೆ ರೈಲಿನಲ್ಲಿ ಅವರು ರಿಜಿಸ್ಟರ್ ಕೇಳಿದರು. ಒಂದೆರಡು ಅಂಕಿ ಮತ್ತೆ ನೋಡಬೇಕು, ಬೆಳಿಗ್ಗೆ ಕೊಡುತ್ತೇನೆ ಎಂದೆ. ಬೆಳಿಗ್ಗೆ ನಾನು ಮೊದಲ ರೈಲಿಗೆ ಹೋಗುವವನು, ಅವರು ಅದರ ನಂತರದ ಗಾಡಿಗೆ ಬರುವವರು ಎಂಬುದು ಇಬ್ಬರಿಗೂ ಗೊತ್ತಿತ್ತು. ಮತ್ತೆ ಯಾವ ಬೆಳಿಗ್ಗೆ ಕೊಡುವವನಿದ್ದೆ? ನಾನು ಮರೆತೆ ಎಂಬುದು ಬಹಳ ವರ್ಷ ನನ್ನ ಹೇಳಿಕೆಯಾಗಿತ್ತು. ಆದರೆ ಅಮ್ಮನಿಗೆ ಬೇರೆಯೇ ನೆನಪಿದೆ. ನಾನು ಹೊರಡುವಾಗ ಅವಳು ರಿಜಿಸ್ಟರ್ ತಂದು ತೋರಿಸಿ, ಇದು ಬ್ಯಾಡೇನು ಎಂದು ಕೇಳಿದಳಂತೆ. ನಾನು ಬೇಡ, ಟಿವಿ ಕೆಳಗಿಡು ಎಂದೆನಂತೆ. ಅಮ್ಮನಿಗೆ ಸುಳ್ಳು ಹೇಳಲು ಕಾರಣವಿಲ್ಲ. ಆ ರಿಜಿಸ್ಟರ್ ಯಾರದೆಂದೇ ಅವಳಿಗೆ ಗೊತ್ತಿರಲಿಲ್ಲ.

ಒಳಗೆ ಮೊದಲ ಹತ್ತು ನಿಮಿಷ ನನ್ನ ಸೌರ ಒಲೆಯ ಮೇಲೆ ಹೋಯಿತು. ಒಬ್ಬರು ಹಾಳೆ ತಿರುಗಿಸುತ್ತಿದ್ದರು, ಇನ್ನೊಬ್ಬರು ಮೊಬೈಲು ನೋಡುತ್ತಿದ್ದರು. ಇದರಲ್ಲಿ ನೀವು ಕೈಯಾರೆ ಅಳೆದದ್ದು ಏನಾದರೂ ಇದೆಯೇ ಎಂದು ಹಿರಿಯ ಪ್ರಾಧ್ಯಾಪಕಿ ಕೇಳಿದರು. ನಾನು ಬ್ಯಾಗಿನಿಂದ ಶಾಫ್ಟಿನ ಗ್ರಾಫ್ ತೆಗೆದೆ. ಅದು ಬ್ಯಾಗಿನಲ್ಲಿ ಏಕಿತ್ತು? ಬೇಕಾದರೆ ಇರಲಿ ಎಂದು ಇಟ್ಟುಕೊಂಡಿದ್ದೆ, ಬೇಕಾಗುವುದಿಲ್ಲ ಎಂದುಕೊಂಡಿದ್ದೆ. ಮೊಬೈಲು ಮೇಜಿನ ಮೇಲೆ ಮಗುಚಿ ಬಿತ್ತು. ನಾಲ್ಕೂ ಜನ ಮುಂದಕ್ಕೆ ಬಾಗಿದರು. ಯಾವ ಶಾಫ್ಟು, ಎಷ್ಟು ಆಳ, ಹೇಗೆ ಇಳಿಬಿಟ್ಟಿರಿ ಎಂದು ಕೇಳಿದರು. ಬಾಟಲಿ, ಗೋಣಿ, ಹಗ್ಗದ ಗಂಟು ಎಲ್ಲವನ್ನೂ ವರ್ಣಿಸಿದೆ. ಮಂಡಿ ಊರಿ ಓದಬೇಕು ಎಂಬುದನ್ನೂ ಹೇಳಿದೆ, ನನ್ನದೇ ಅನುಭವವೆಂಬಂತೆ. ಅವರು ನಕ್ಕರು, ಮೆಚ್ಚಿದರು. ಆಮೇಲೆ ಆ ಪ್ರಶ್ನೆ ಬಂತು.

ಹೊರಗೆ ಬಂದು ಫೋನು ನೋಡಿದರೆ ಮೇಡಂ ಅವರದೇ ಎರಡು ಮಿಸ್ಡ್ ಕಾಲ್ ಇದ್ದವು. ಬಹುಶಃ ರಿಜಿಸ್ಟರಿಗಾಗಿ. ನಾನು ತಿರುಗಿ ಕರೆ ಮಾಡಲಿಲ್ಲ. ಮಧ್ಯಾಹ್ನದ ರೈಲಿಗೆ ಬಂಗಾರಪೇಟೆಗೆ ಬಂದು, ಅಲ್ಲಿಂದ ಬಸ್ಸು ಹಿಡಿದು ಮನೆಗೆ ಹೋದೆ.

ಫಲಿತಾಂಶಕ್ಕೆ ಎರಡು ವಾರ ಬೇಕಾಯಿತು. ಆದರೆ ಸಂದರ್ಶನದ ಮಾರನೆಯ ಬೆಳಿಗ್ಗೆ ನಾನು ರೈಲು ಹತ್ತಿದಾಗಲೇ ಟಿಫನ್ ಬಾಕ್ಸ್ ಇಟ್ಟ ಸೀಟು ಇರಲಿಲ್ಲ. ಅವರು ಹೆಂಗಸರ ಬೋಗಿಗೆ ಹೋಗಿದ್ದರು. ಸ್ಟಾಫ್ ರೂಮಿನಲ್ಲಿ ಯಾರೋ ಕೇಳಿದ್ದಕ್ಕೆ, ಮೇಡಂಗೆ ಸಂದರ್ಶನ ಅಷ್ಟು ಚೆನ್ನಾಗಿ ಆಗಲಿಲ್ಲವಂತೆ ಎಂದು ನಾನೇ ಹೇಳಿದೆ. ಯಾರಿಂದ ಕೇಳಿ ಹೇಳಿದೆನೋ ಗೊತ್ತಿಲ್ಲ. ಅವರು ನನ್ನೊಡನೆ ಮಾತೇ ಆಡಿರಲಿಲ್ಲ.

ರಿಜಿಸ್ಟರನ್ನು ಹಿಂದಿರುಗಿಸಲು ನಾನು ಆರಿಸಿಕೊಂಡದ್ದು ಅವರು ಮನೆಯಲ್ಲಿರದ ಹೊತ್ತನ್ನು. ಪತ್ರಿಕೆಯಲ್ಲಿ ಸುತ್ತಿಕೊಂಡು ಊರಿಗಾಂನ ಲೈನಿಗೆ ಹೋದೆ. ಮುದುಕರು ಬಾಗಿಲಲ್ಲಿ ಕೂತು ಪಕ್ಕದ ಮನೆಯಾಕೆಯೊಡನೆ ತಮಿಳಿನಲ್ಲಿ ಏನೋ ವಾದಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಒಳಗೆ ಕರೆದು, ತಾವೇ ಕಾಫಿ ಕಾಯಿಸಿ ಕೊಟ್ಟರು. ಶಾಫ್ಟಿನ ನೀರಿನ ಮೇಲೆ ನನಗೆ ಸೀಟು ಸಿಕ್ಕಿದ್ದು ಅವರಿಗೆ ಗೊತ್ತಾಗಿತ್ತು.

"ಅಷ್ಟು ವರ್ಸ ಕೆಳಗೆ ಇಳ್ದೆ, ಒಂದು ಗುಂಜಿ ಚಿನ್ನ ಮನೆಗೆ ಬರಲಿಲ್ಲ. ಈ ನೀರಿಂದ ಒಬ್ರು ಡಾಕ್ಟ್ರಾಯ್ತಾವ್ರೆ ನೋಡಿ," ಎಂದರು. ಆಮೇಲೆ ದನಿ ತಗ್ಗಿಸಿ, "ನಮ್ಮ ಅಮ್ಮಣ್ಣಿಗೆ ಅಲ್ಲಿ ಬಾಯೇ ಬರಲಿಲ್ವಂತೆ. ದೊಡ್ಡೋರ ಮುಂದೆ ಎದರ್ಕಂಡ್ಬುಟ್ಲು. ಅವ್ಳೇ ಏಳಿದ್ಳು," ಎಂದರು.

ನಾನು ಕಾಫಿ ಕುಡಿದೆ. ಆ ಲೋಟ ಖಾಲಿಯಾಗುವಷ್ಟು ಹೊತ್ತು ನನಗೆ ಅವಕಾಶವಿತ್ತು. ಲೋಟ ಕೆಳಗಿಟ್ಟು ಬರುತ್ತೇನೆ ಎಂದೆ.

ನನ್ನ ಪ್ರಬಂಧ ಆ ರಿಜಿಸ್ಟರಿನ ಮೇಲೆಯೇ ನಿಂತಿತು. ನಂತರ ನಾನು ಬೇರೆ ಉಪಕರಣಗಳನ್ನು ಇಳಿಸಿದ್ದು ನಿಜ, ಬೇರೆ ಶಾಫ್ಟುಗಳನ್ನು ನೋಡಿದ್ದೂ ನಿಜ. ಆದರೆ ಮೊದಲ ಅಧ್ಯಾಯ ಅವರಿಬ್ಬರದು. ಕೃತಜ್ಞತೆಯ ಪುಟದಲ್ಲಿ "ಗಣಿಯ ಒಬ್ಬ ನಿವೃತ್ತ ಕೆಲಸಗಾರರಿಗೂ ಅವರ ಕುಟುಂಬಕ್ಕೂ" ಎಂದು ಬರೆದೆ. ಹೆಸರು ಹಾಕಲಿಲ್ಲ. ಅವರ ಖಾಸಗಿತನ ಕಾಪಾಡಲು ಎಂದು ಗೈಡಿಗೆ ಹೇಳಿದೆ. ಅಂಥ ಕಾರಣಗಳು ನನಗೆ ಬಹಳ ಬೇಗ ಹೊಳೆಯುತ್ತವೆ.

ಈಗ ನಾನು ಅದೇ ಸಂಸ್ಥೆಯಲ್ಲಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಪಿಎಚ್‌ಡಿ ಸಂದರ್ಶನದ ಮೇಜಿನ ಆಚೆ ಕೂರುತ್ತೇನೆ. ಸುಸ್ಥಿರ ತಂತ್ರಜ್ಞಾನದಲ್ಲಿ ಅವಕಾಶಗಳಿಗೆ ಕೊರತೆಯಿಲ್ಲ ಎಂದು ಪ್ರಕಟಣೆ ಬರೆಯುವವನೂ ನಾನೇ. ಚಿಂತಾಮಣಿಯಿಂದ, ಮುಳಬಾಗಿಲಿನಿಂದ ಮಕ್ಕಳು ಫೈಲು ಎದೆಗೆ ಅವಚಿಕೊಂಡು ಬರುತ್ತಾರೆ. ರೀಡಿಂಗ್ ತೆಗೆದವರು ಯಾರು ಎಂದು ಕೇಳುವುದು ಸಮಿತಿಯಲ್ಲಿ ಬೇರೆಯವರ ಪಾಲಿಗೆ ಬರುವಂತೆ ನೋಡಿಕೊಳ್ಳುತ್ತೇನೆ.

ಹೋದ ವರ್ಷ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮೇಡಂ ಸಿಕ್ಕಿದರು. ನಾನು ಅಮ್ಮನನ್ನು ನೋಡಿಕೊಂಡು ವಾಪಸು ಹೊರಟಿದ್ದೆ, ಅವರು ಕಾಲೇಜಿನಿಂದ ಮನೆಗೆ ಹೊರಟಿದ್ದರು. ಅದೇ ಕಾಲೇಜು, ಅದೇ ಲ್ಯಾಬು. ನಾನು ನೋಡದ ಹಾಗೆ ಮುಂದೆ ಹೋಗಬೇಕೆಂದಿದ್ದೆ. ಅವರೇ, ಸರ್ ಚೆನ್ನಾಗಿದ್ದೀರಾ ಎಂದರು. ಅಪ್ಪನಿಗೆ ಉಸಿರಾಟದ ತೊಂದರೆ, ಈಗ ಶಾಫ್ಟಿನ ತನಕ ನಡೆಯಲು ಆಗುವುದಿಲ್ಲ, ಆದರೆ ಕ್ಯಾಲೆಂಡರ್ ನೋಡಿ ಬುಧವಾರ ಭಾನುವಾರ ಲೆಕ್ಕ ಹಾಕುತ್ತಿರುತ್ತಾರೆ ಎಂದರು. ಇಡ್ಲಿ ಮಾರುವವನು ಮಧ್ಯೆ ಹಾದು ಹೋದ. ಅವರ ಗಾಡಿಗೆ ಸಿಗ್ನಲ್ ಬಿದ್ದಿತ್ತು.

"ಸರ್, ಒಂದು ಕೇಳಲಾ? ಆವತ್ತು ಒಳಗೆ ಏನು ಹೇಳಿದ್ರಿ?"

"ನೆನಪಿಲ್ಲ ಮೇಡಂ," ಎಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲ.

"ನಾನು ಉತ್ತರ ಹೇಳಲಾಗದೆ ಬಂದೆ ಅಂತಲೇ ಅಪ್ಪನಿಗೆ ಗೊತ್ತಿರುವುದು. ಸಮಿತಿಯವರು ನನಗೆ ನಿಜವಾಗಿ ಅಂದದ್ದನ್ನು ನಾನು ಅಪ್ಪನಿಗೆ ಹೇಳಿಲ್ಲ," ಎಂದರು ಅವರು. ಏನು ಅಂದರು ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ರೈಲು ಬಂದಾಗ ಅವರು ಹತ್ತಿ, ಬಾಗಿಲ ಹತ್ತಿರ ತಿರುಗಿ, "ನೆನಪಾದ್ರೆ ಹೇಳಿ ಸರ್. ಅಪ್ಪ ಇರೋದ್ರೊಳಗೆ," ಎಂದರು.

ಈ ವರ್ಷ ನಮ್ಮ ವಿಭಾಗದಲ್ಲಿ ತಪಾಸಣೆಗೆಂದು ಹಳೆಯ ಫೈಲುಗಳನ್ನೆಲ್ಲ ಕೆಳಗಿಳಿಸಿದರು. ವರ್ಷದ ಪ್ರಕಾರ ಜೋಡಿಸುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ನಮ್ಮ ವರ್ಷದ ಫೈಲು ಸಿಕ್ಕಿತು. ಪ್ರತಿ ಅಭ್ಯರ್ಥಿಗೂ ಒಂದು ಹಾಳೆ, ಅಂಕಗಳ ಕೆಳಗೆ ಟಿಪ್ಪಣಿ. ನನ್ನ ಹಾಳೆಯಲ್ಲಿ ಹಿರಿಯ ಪ್ರಾಧ್ಯಾಪಕಿಯ ಕೈಬರಹದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಇತ್ತು. ಎರಡು ವರ್ಷದ ರೀಡಿಂಗನ್ನು ತಾವೊಬ್ಬರೇ ತೆಗೆದದ್ದೆಂದು ಹೇಳುತ್ತಾರೆ, ಕೇಳಿ ಖಚಿತಪಡಿಸಿಕೊಂಡಿದೆ ಎಂದು. ಕೇಳಿ ಖಚಿತಪಡಿಸಿಕೊಂಡಿದೆ. ಅಂದರೆ ಎರಡು ಸಲ ಕೇಳಿದ್ದರು. ಎರಡನೆಯ ಸಲ ಕೇಳಿದ್ದು ನನ್ನ ಮೂರು ನೆನಪುಗಳಲ್ಲಿ ಒಂದರಲ್ಲೂ ಇಲ್ಲ.

ಮೇಡಂ ಅವರ ಹಾಳೆ ಅದರ ಹಿಂದೆಯೇ ಇತ್ತು. ಬೆಳಗಿನ ಅಭ್ಯರ್ಥಿಯ ದತ್ತಾಂಶವನ್ನೇ ತಮ್ಮದೆಂದು ತಂದಿದ್ದಾರೆ, ಮೂಲ ಪುಸ್ತಕ ಕೇಳಿದರೆ ಇಲ್ಲ ಎನ್ನುತ್ತಾರೆ, ಪ್ರಾಮಾಣಿಕತೆ ಸಂದೇಹಾಸ್ಪದ, ಎಂದು ಬರೆದಿತ್ತು. ಆ ಪುಸ್ತಕ ಆ ಹೊತ್ತಿನಲ್ಲಿ ಎಲ್ಲಿತ್ತೆಂದು ನನಗೆ ಗೊತ್ತು.

ಮುಂದಿನ ಭಾನುವಾರ ಊರಿಗಾಂಗೆ ಹೋದೆ. ಬಾಗಿಲು ತೆರೆದವರು ಮಗಳು. ನನ್ನ ಮುಖ ನೋಡಿ ಒಳಗೆ ಬಿಟ್ಟರು. ಮುದುಕರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಡಾಕ್ಟ್ರು ಬಂದ್ರು ಎಂದು ಪಕ್ಕದ ಮನೆಗೆ ಕೇಳುವಂತೆ ಕೂಗಿದರು. ನಾನು ನಿಂತೇ ಹೇಳಲು ಶುರುಮಾಡಿದೆ. ಸೌರ ಒಲೆ, ಸಮಿತಿ, ಪರಿಸ್ಥಿತಿ ಎಂದು ಸುತ್ತಿಕೊಂಡು ಹೋಗುತ್ತಿದ್ದೆ. ಅವರು ಕೈ ಎತ್ತಿ ತಡೆದರು.

"ರೀಡಿಂಗ್ ಏಟು ಅಂತ ಏಳಿ ಸಾರ್. ಕತೆ ಬ್ಯಾಡ."

ಆಗ ನಾನು ಹೇಳಿದೆ. ರೀಡಿಂಗೆಲ್ಲ ನಾನೊಬ್ಬನೇ ತೆಗೆದೆ ಅಂದೆ. ಪುಸ್ತಕ ಬೇಕೆಂದೇ ಕೊಡಲಿಲ್ಲ. ಮೇಡಂ ನನ್ನಿಂದ ಕದ್ದರು ಅಂತ ಅವರು ಬರೆದರು.

ಅವರು ದಿಂಬು ಬಿಟ್ಟು ನೆಟ್ಟಗೆ ಕೂತರು. ಆಮೇಲೆ, ಗಣಿಯೊಳಗೆ ಅಷ್ಟು ವರ್ಷ ಮಾಡಿದಂತೆ, ನಾನು ಹೇಳಿದ್ದನ್ನೇ ಒಂದೊಂದಾಗಿ ತಿರುಗಿ ಹೇಳಿದರು.

"ಒಬ್ನೇ ತೆಗೆದೆ ಅಂದ್ರಿ. ಪುಸ್ತಕ ಬೇಕಂತ ಕೊಡಲಿಲ್ಲ. ನಮ್ಮ ಅಮ್ಮಣ್ಣಿ ಕದ್ಲು ಅಂತ ಬರೆದ್ರು."

"ಹೌದು," ಎಂದೆ.

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಸಿಟ್ಟು ಬಂದಿದ್ದರೆ ನನಗೆ ನಿಲ್ಲಲು ಸುಲಭವಾಗುತ್ತಿತ್ತು. ಅವರು ಮಗಳ ಕಡೆ ತಿರುಗಿ, "ಬಾಯಿ ಬರಲಿಲ್ಲ ಅಂತ ಯಾಕಮ್ಮ ಏಳ್ದೆ ನಂಗೆ?" ಎಂದರು. ಮಗಳು ಮಂಚದ ಮೇಲಿನ ಹೊದಿಕೆ ಸರಿಪಡಿಸಿದರು. ಮುದುಕರು, ಪುಸ್ತಕ ತಗೊಂಡು ಬರ್ಕೊ ಇದನ್ನ, ಎಂದರು.

"ಬೇಡಪ್ಪ. ಅದು ನೀರಿನ ಪುಸ್ತಕ," ಎಂದರು ಮಗಳು.

ನಮ್ಮ ಸಂಸ್ಥೆಗೆ ಎಲ್ಲವನ್ನೂ ಬರೆದು ಕೊಡುತ್ತೇನೆ, ಆ ಅಧ್ಯಾಯಕ್ಕೆ ನಿಮ್ಮಿಬ್ಬರ ಹೆಸರು ಸೇರಿಸಲು ಕೇಳುತ್ತೇನೆ ಎಂದೆ. ಬರೆದೂ ಕೊಟ್ಟಿದ್ದೇನೆ, ಅದು ಈಗ ಯಾವುದೋ ಸಮಿತಿಯ ಮುಂದಿದೆ. ಮಿತಿ ದಾಟಿದ ವಯಸ್ಸು ಇನ್ನು ತಿರುಗಿ ಬರುವುದಿಲ್ಲ ಎಂಬುದು ಆ ಕೋಣೆಯಲ್ಲಿ ಮೂವರಿಗೂ ಗೊತ್ತಿತ್ತು. ಕಾಫಿ ಈ ಸಲ ಬರಲಿಲ್ಲ.

ಹೊರಡುವ ಮುಂಚೆ ರಿಜಿಸ್ಟರ್ ನೋಡಬಹುದೇ ಎಂದು ಕೇಳಿದೆ. ಮಗಳು ಕಪಾಟಿನಿಂದ ತೆಗೆದು ಕೊಟ್ಟು, ನಾನು ನೋಡಿ ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದರು. ಕೊನೆಯ ಕಾಲಂನಲ್ಲಿ ಬೆರಳಿಟ್ಟು, ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಎರಡು ಸಲ ಎಣಿಸಿದೆ. ಎರಡು ವರ್ಷದಲ್ಲಿ ನನ್ನ ಇನಿಷಿಯಲ್ ಇರುವುದು ನಾಲ್ಕು ಸಾಲುಗಳಲ್ಲಿ. ಅದರಲ್ಲಿ ಒಂದು ಸಾಲನ್ನು ಹೊಡೆದುಹಾಕಿ, ಕೆಳಗೆ ಸರಿಯಾದ ಅಂಕಿ ಬರೆದು, ಅಪ್ಪ ಮಗಳು ಇನಿಷಿಯಲ್ ಹಾಕಿದ್ದಾರೆ.